ಲೆನ್ಸ್ ಬಿಚ್ಚಿದ್ರೆ ಕ್ಯಾಮೆರಾಗೆ ಏನ್ ಕಾಣತ್ತೆ?

ಲೆನ್ಸ್ ಕಳಚೋಕೆ ಬರೋ ಕ್ಯಾಮೆರಾ ಯಾರ ಹತ್ರ ಇದೆಯೋ ಅವರು ಒಂದ್ಸಲ ಇದನ್ನ ಮಾಡಿ ನೋಡಿ. ಲೆನ್ಸ್ ಬಿಚ್ಚಿ ಪಕ್ಕಕ್ಕಿಡಿ, ಮ್ಯಾನ್ಯುವಲ್ ಮೋಡ್‌ಗೆ ಹಾಕಿ, ಬರೀ ಬಾಡಿನ ಕಿಟಕಿ ಕಡೆ ತಿರುಗಿಸಿ ಶಟರ್ ಒತ್ತಿ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಆದ್ರೆ ಮೆನು ಒಳಗೆ ಎಲ್ಲೋ ಮೂಲೇಲಿ, ಲೆನ್ಸ್ ಇಲ್ದಿದ್ರೂ ಶಟರ್ ಬಿಡು ಅನ್ನೋ ಆಪ್ಷನ್ ಇರತ್ತೆ, ಅದನ್ನ ಆನ್ ಮಾಡ್ಬೇಕು. ಧೂಳಿರೋ ಜಾಗದಲ್ಲಿ ಮಾತ್ರ ಬೇಡ, ಸೆನ್ಸರ್ ಕ್ಲೀನ್ ಮಾಡ್ಸೋಕೆ ಸರ್ವಿಸ್ ಸೆಂಟರ್‌ನವರು ಕೇಳೋ ದುಡ್ಡು ನೋಡಿದ್ರೆ ಎದೆ ಝಲ್ ಅನ್ನತ್ತೆ.

ಏನ್ ಬರತ್ತೆ? ನಾನು ಕೇಳಿದವರೆಲ್ಲ ಹೆಚ್ಚುಕಮ್ಮಿ ಒಂದೇ ಉತ್ತರ ಕೊಟ್ರು, ಫೋಕಸ್ ಇಲ್ದೆ ಮಸುಕಾಗಿರೋ ಕಿಟಕಿ ಬರತ್ತೆ ಅಂತ. ಕಿಟಕಿನೇ ಬರಲ್ಲ. ಒಂದು ಖಾಲಿ ಬೂದು ಬಣ್ಣದ ಹಾಳೆ ಬರತ್ತೆ ಅಷ್ಟೆ. ಹೊರಗಡೆ ಮರ ಜಾಸ್ತಿ ಇದ್ರೆ ಆ ಬೂದು ಸ್ವಲ್ಪ ಹಸಿರಿಗೆ ತಿರುಗಿರತ್ತೆ, ಸಂಜೆ ಆಗಿದ್ರೆ ಕೇಸರಿಗೆ. ಇನ್ನೊಂದು ಚೂರು ಗಮನ ಇಟ್ಟು ನೋಡಿದ್ರೆ ಫೋಟೋದ ಮೇಲಿನ ಭಾಗ ಕೆಳಗಿನದ್ದಕ್ಕಿಂತ ಒಂದ್ ಹಿಡಿ ಬೆಳ್ಳಗಿರತ್ತೆ, ಯಾಕಂದ್ರೆ ಆಕಾಶ ಮೇಲಿದೆ. ಈ ಒಂದ್ ಹಿಡಿ ಬೆಳ್ಳಗಿನ ವಿಷಯಕ್ಕೆ ಆಮೇಲೆ ಬರ್ತೀನಿ, ಅದರಲ್ಲೇ ಅರ್ಧ ಕಥೆ ಇದೆ.

ಮೊದಲು ಸೆನ್ಸರ್ ಅನ್ನೋದು ಏನ್ ಮಾಡತ್ತೆ ಅಂತ ನೋಡೋಣ. ಅದೊಂದು ಸಿಲಿಕಾನ್ ಚಿಪ್ಪು, ಅದರ ಮೇಲೆ ಲಕ್ಷ ಲಕ್ಷ ಫೋಟೋಡಯೋಡ್‌ಗಳು ಸಾಲಾಗಿ ಕೂತಿರ್ತವೆ. 24 ಮೆಗಾಪಿಕ್ಸೆಲ್ ಅಂದ್ರೆ 2.4 ಕೋಟಿ. ಒಳಗೆ ಕನ್ನಡಿ ಇರೋ ಸಾಮಾನ್ಯ ಡಿಎಸ್ಎಲ್ಆರ್‌ನಲ್ಲಿ ಒಂದೊಂದು ಪಿಕ್ಸೆಲ್ ಅಗಲ ಸುಮಾರು 4 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಮೊಬೈಲಲ್ಲಿ ಒಂದು ಮೈಕ್ರಾನ್ ಆಸುಪಾಸು. ಬೆಳಕಿನ ಫೋಟಾನ್ ಬಂದು ಬಡಿದ್ರೆ ಸಿಲಿಕಾನ್ ಒಳಗೆ ಒಂದು ಎಲೆಕ್ಟ್ರಾನ್ ಬಿಡುಗಡೆ ಆಗತ್ತೆ, ಪಿಕ್ಸೆಲ್ ಅದನ್ನ ಕೂಡಿಟ್ಕೊಳತ್ತೆ, ಶಟರ್ ಮುಚ್ಚಿದ ಮೇಲೆ ಎಷ್ಟು ಕೂಡಿದೆ ಅಂತ ಒಂದು ನಂಬರ್ ಹೇಳತ್ತೆ. ಅಷ್ಟೇ ಅದರ ಕೆಲಸ. ಆ ಫೋಟಾನ್ ಎಡಗಡೆಯಿಂದ ಬಂತಾ, ಬಲಗಡೆಯಿಂದ ಬಂತಾ, ಮರದಿಂದ ಬಂತಾ, ಪಕ್ಕದ ಮನೆ ಗೋಡೆಯಿಂದ ಬಂತಾ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ಬಣ್ಣ ಕೂಡ ಗೊತ್ತಿಲ್ಲ! ಬಣ್ಣ ಬರೋದು ಪಿಕ್ಸೆಲ್ ಮೇಲೆ ಕೂರಿಸಿರೋ ಕೆಂಪು, ಹಸಿರು, ನೀಲಿ ಫಿಲ್ಟರ್‌ನಿಂದ, ಕೊಡಾಕ್ ಕಂಪನಿಲಿ ಕೆಲಸ ಮಾಡ್ತಿದ್ದ ಬ್ರೈಸ್ ಬೇಯರ್ ಅನ್ನೋರು 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ, ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ, ಇವತ್ತಿಗೂ ಹೆಚ್ಚಿನ ಕ್ಯಾಮೆರಾದಲ್ಲಿ ಅದೇ ಅಥವಾ ಅದರದ್ದೇ ಮರಿ ಇರೋದು.

ಈಗ ಕಿಟಕಿ ಹೊರಗಿನ ಮರದ ಒಂದು ಎಲೆ ತಗೊಳ್ಳಿ. ಬಿಸಿಲು ಅದಕ್ಕೆ ಬಿದ್ದು ಎಲ್ಲಾ ದಿಕ್ಕಿಗೂ ಚದುರತ್ತೆ. ಆ ಒಂದೇ ಎಲೆಯಿಂದ ಹೊರಟ ಬೆಳಕು ನಮ್ಮ ಸೆನ್ಸರಿನ 2.4 ಕೋಟಿ ಪಿಕ್ಸೆಲ್ಲಿಗೂ ಬೀಳತ್ತೆ. ಪಕ್ಕದ ಎಲೆದೂ ಹಾಗೇ. ಗೋಡೆದೂ ಹಾಗೇ. ಸಂತೆ ಮಧ್ಯದಲ್ಲಿ ಕಣ್ಣು ಮುಚ್ಕೊಂಡು ನಿಂತ ಹಾಗೆ ಇದು, ಟೊಮೆಟೊ ಮಾರೋನ ಕೂಗು, ಬೆಲ್ಲ ಮಾರೋಳ ಕೂಗು ಎಲ್ಲಾ ಕಿವಿಗೆ ಬೀಳ್ತಿದೆ, ಆದ್ರೆ ಎಲ್ಲಾ ಸೇರಿ ಒಂದೇ ಗದ್ದಲ, ಹತ್ತು ಹೆಜ್ಜೆ ಪಕ್ಕಕ್ಕೆ ನಿಂತವನಿಗೂ ಅದೇ ಗದ್ದಲ. ಹಾಗಾಗಿ ಪ್ರತಿ ಪಿಕ್ಸೆಲ್ಲೂ ಎದುರಿಗಿರೋ ಇಡೀ ದೃಶ್ಯದ ಮೊತ್ತ ಹೇಳತ್ತೆ, ಮೊತ್ತ ಎಲ್ಲಾ ಕಡೆ ಒಂದೇ, ಅದಕ್ಕೇ ಬೂದು ಹಾಳೆ.

ಇಲ್ಲಿ ನಾನು ಒತ್ತಿ ಹೇಳ್ಬೇಕಾಗಿರೋದು ಏನಂದ್ರೆ, ಲೆನ್ಸ್ ಇಲ್ದಿದ್ರೆ ಸೆನ್ಸರಿಗೆ ಬೆಳಕು ಬರಲ್ಲ ಅಂತಲ್ಲ, ಬೇಕಾದ್ದಕ್ಕಿಂತ ಜಾಸ್ತಿನೇ ಬರತ್ತೆ. ಕಾಣೆಯಾಗಿರೋದು ಯಾವ ಬೆಳಕು ಎಲ್ಲಿಂದ ಬಂತು ಅನ್ನೋ ವಿಂಗಡಣೆ. ಆ ವಿಂಗಡಣೆ ಮಾಡೋಕೆ ಗಾಜು ಒಂದು ದಾರಿ. ಒಂದೇ ದಾರಿ ಅಲ್ಲ. ನಮ್ಮಲ್ಲಿ ಫೋಟೋಗ್ರಫಿ ಬಗ್ಗೆ ಮಾತಾಡೋರು ಮೆಗಾಪಿಕ್ಸೆಲ್ ಲೆಕ್ಕ ಮಾತ್ರ ಹೇಳ್ತಾರೆ, ಈ ವಿಂಗಡಣೆ ಕೆಲಸ ಯಾರು ಮಾಡ್ತಿದಾರೆ ಅಂತ ಯಾರೂ ಕೇಳಲ್ಲ, ನನಗೆ ಅದೇ ಬೇಜಾರು.

ಈಗ ಆ ಒಂದ್ ಹಿಡಿ ಬೆಳ್ಳಗಿನ ವಿಷಯ. ಡಿಎಸ್ಎಲ್ಆರ್ ಬಾಡಿಲಿ ಲೆನ್ಸ್ ಕೂರೋ ತೂತು ಸುಮಾರು 5 ಸೆಂಟಿಮೀಟರ್ ಅಗಲ, ಸೆನ್ಸರ್ ಅದರ ಹಿಂದೆ 44-46 ಮಿಲಿಮೀಟರ್ ಒಳಗಿರತ್ತೆ. ಮೇಲಿನ ಆಕಾಶದಿಂದ ಓರೆಯಾಗಿ ಬರೋ ಬೆಳಕು ಆ ತೂತಿನೊಳಗಿಂದ ಇಳಿದು ಸೆನ್ಸರಿನ ಕೆಳಗಿನ ಅರ್ಧಕ್ಕೆ ಸ್ವಲ್ಪ ಜಾಸ್ತಿ ತಲುಪತ್ತೆ, ಮೇಲಿನ ಅರ್ಧಕ್ಕೆ ಬಾಡಿಯ ಅಂಚು ಅಡ್ಡ ಬರತ್ತೆ. ಕ್ಯಾಮೆರಾ ಯಾವಾಗ್ಲೂ ಚಿತ್ರನ ತಲೆಕೆಳಗು ಮಾಡಿ ತೋರ್ಸೋದ್ರಿಂದ ನಮಗೆ ಮೇಲೆ ಬೆಳ್ಳಗೆ ಕಾಣತ್ತೆ. ಅಂದ್ರೆ ಆ 5 ಸೆಂಟಿಮೀಟರ್ ತೂತು ಆಗಲೇ ವಿಂಗಡಣೆ ಶುರು ಮಾಡಿದೆ, ಆದ್ರೆ ತೀರಾ ಒರಟಾಗಿ. ತೂತು ಸಣ್ಣ ಮಾಡ್ತಾ ಹೋದ್ರೆ? ಚಿತ್ರ ಮೂಡ್ತಾ ಹೋಗತ್ತೆ. ಲೆನ್ಸ್ ತೂತು ಮುಚ್ಚೋ ಬಾಡಿ ಕ್ಯಾಪಿಗೆ ಡ್ರಿಲ್ ಹಾಕಿ, ಕೂಲ್‌ಡ್ರಿಂಕ್ ಟಿನ್ನಿಂದ ಕತ್ತರಿಸಿದ ತಗಡಿಗೆ ಸೂಜಿಲಿ ಒಂದು ತೂತು ಮಾಡಿ ಅಂಟಿಸಿದ್ರೆ ಆಯ್ತು, ಪಿನ್‌ಹೋಲ್ ಕ್ಯಾಮೆರಾ.

ಇದನ್ನ ನೋಡೋಕೆ ಕ್ಯಾಮೆರಾನೂ ಬೇಡ, ಹಂಪಿಗೆ ಹೋದ್ರೆ ಸಾಕು. ವಿರೂಪಾಕ್ಷ ದೇವಸ್ಥಾನದಲ್ಲಿ ಗರ್ಭಗುಡಿ ಹಿಂಭಾಗದ ಒಂದು ಕತ್ತಲೆ ಕೋಣೆಲಿ, ಗೋಡೆ ಮೇಲೆ ಪೂರ್ವದ ದೊಡ್ಡ ಗೋಪುರ ತಲೆಕೆಳಗಾಗಿ ಕಾಣತ್ತೆ, ಸುಮಾರು 50 ಮೀಟರ್ ಎತ್ತರದ ಗೋಪುರ ಪುಟ್ಟದಾಗಿ ಗೋಡೆ ಮೇಲೆ ನೇತಾಡ್ತಿರತ್ತೆ. ಎದುರಿನ ಸಣ್ಣ ಕಿಂಡಿಯಿಂದ ಬರೋ ಬೆಳಕಿನ ಆಟ. ಗೋಪುರದ ತುದಿಯಿಂದ ಹೊರಟ ಬೆಳಕು ಕಿಂಡಿ ದಾಟಿ ಗೋಡೆಯ ಕೆಳಗಡೆಗೆ ಮಾತ್ರ ಹೋಗೋಕೆ ಸಾಧ್ಯ, ಬುಡದಿಂದ ಹೊರಟಿದ್ದು ಮೇಲಕ್ಕೆ ಮಾತ್ರ. ಗೋಡೆಯ ಒಂದೊಂದು ಜಾಗಕ್ಕೂ ಗೋಪುರದ ಒಂದೊಂದೇ ಭಾಗದ ಬೆಳಕು. ಗೈಡ್‌ಗಳು ಹಿನ್ನೆಲೆ ಕಥೆ ಏನೇನೋ ಹೇಳ್ತಾರೆ, ನನಗೆ ಅದಕ್ಕಿಂತ ಮಜಾ ಅನ್ಸೋದು ಇಲ್ಲಿ ಯಾವ ಗಾಜೂ ಇಲ್ಲ, ಯಾವ ಲೆಕ್ಕವೂ ಇಲ್ಲ, ಬೇಡದ ಬೆಳಕನ್ನ ಗೋಡೆ ತಡೀತಿದೆ ಅಷ್ಟೆ ಅನ್ನೋದು. ಸಾವಿರ ವರ್ಷದ ಹಿಂದೆ ಇಬ್ನ್ ಅಲ್ ಹೈತಮ್ ಅನ್ನೋ ಅರಬ್ ವಿದ್ವಾಂಸ ಇಂಥ ಕತ್ತಲೆ ಕೋಣೆ, ಕಿಂಡಿ ಇಟ್ಕೊಂಡೇ ಬೆಳಕು ನೇರ ಹೋಗತ್ತೆ ಅನ್ನೋದನ್ನ ವಿವರಿಸಿದ್ದು. 2019ರ ಡಿಸೆಂಬರ್ 26ರ ಗ್ರಹಣದ ದಿನ ಮರದ ಕೆಳಗೆ ನಿಂತು ನೆಲ ನೋಡಿದವರಿಗೆ ನೆನಪಿರತ್ತೆ, ಎಲೆಗಳ ಸಂದಿಯಿಂದ ಬಿದ್ದ ಒಂದೊಂದು ಬೆಳಕಿನ ಚುಕ್ಕೆಯೂ ಕಚ್ಚಿದ ಸೂರ್ಯನ ಆಕಾರದಲ್ಲೇ ಇತ್ತು, ಅದೂ ಇದೇ.

ಹಾಗಾದ್ರೆ ಎಲ್ಲರೂ ಪಿನ್‌ಹೋಲ್ ಬಳಸ್ಬೋದಲ್ವಾ, ಲೆನ್ಸಿಗೆ ಲಕ್ಷ ರೂಪಾಯಿ ಯಾಕೆ ಸುರೀಬೇಕು? ಲೆಕ್ಕ ಹಾಕೋಣ. ತೂತು ಸಣ್ಣ ಆದಷ್ಟೂ ಚಿತ್ರ ಚೂಪಾಗತ್ತೆ, ಆದ್ರೆ ಒಂದು ಮಿತಿ ತನಕ ಮಾತ್ರ, ತೀರಾ ಸಣ್ಣ ಆದ್ರೆ ಬೆಳಕೇ ಅಂಚಿಗೆ ತಾಗಿ ಹರಡೋಕೆ ಶುರು ಮಾಡತ್ತೆ, ಡಿಫ್ರಾಕ್ಷನ್ ಅಂತಾರಲ್ಲ ಅದು. ಸೆನ್ಸರಿಂದ 45 ಮಿಲಿಮೀಟರ್ ದೂರಕ್ಕೆ ಸರಿಹೊಂದೋ ತೂತು ಸುಮಾರು 0.3 ಮಿಲಿಮೀಟರ್ ಬರತ್ತೆ. 45ನ್ನ 0.3ರಿಂದ ಭಾಗಿಸಿದ್ರೆ ಎಫ್ 150, ಈ ಎಫ್ ನಂಬರ್ ದೊಡ್ಡದಾದಷ್ಟೂ ಬೆಳಕು ಕಮ್ಮಿ. ನಮ್ಮ ಸಾದಾ 50 ಎಂಎಂ ಲೆನ್ಸಿನ ಎಫ್ 1.8 ಜೊತೆ ಹೋಲಿಸಿದ್ರೆ ಬೆಳಕು ಸುಮಾರು 7,000 ಪಟ್ಟು ಕಮ್ಮಿ. ಮಧ್ಯಾಹ್ನದ ಬಿರುಬಿಸಿಲಲ್ಲಿ ಐಎಸ್ಒ, ಅಂದ್ರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, 100 ಇಟ್ರೆ ಹತ್ತತ್ರ ಒಂದು ಸೆಕೆಂಡ್ ಶಟರ್ ತೆರೆದಿರ್ಬೇಕು, ಮನೆ ಒಳಗಂತೂ ಕೇಳೋದೇ ಬೇಡ, ಮಗು ಫೋಟೋ ತೆಗೀತೀನಿ ಅಂದ್ರೆ ಮಗು ಅಷ್ಟೊತ್ತಿಗೆ ಅಡುಗೆಮನೆ ಸೇರಿರತ್ತೆ. ಇನ್ನೊಂದು ತಮಾಷೆ ನೋಡಿ, ಚಿತ್ರದ ಒಂದೊಂದು ಚುಕ್ಕೆನೂ ಹೆಚ್ಚುಕಮ್ಮಿ ತೂತಿನಷ್ಟೇ ದಪ್ಪ ಇರೋದ್ರಿಂದ, 22 ಮಿಲಿಮೀಟರ್ ಅಗಲದ ಸೆನ್ಸರಲ್ಲಿ ಅಡ್ಡಕ್ಕೆ 75 ಚುಕ್ಕೆ, ಉದ್ದಕ್ಕೆ 50 ಚುಕ್ಕೆ ಹಿಡಿಸ್ತವೆ. ಒಟ್ಟು 4,000 ಒಳಗೆ. ಒಂದೆರಡು ಪಟ್ಟು ಆಚೀಚೆ ಆಗ್ಬೋದು, ಆದ್ರೂ 24 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ ನಿಜವಾಗಿ ಸಿಕ್ಕಿದ್ದು ಇಷ್ಟು.

ಲೆನ್ಸಿನ ಜಾಣತನ ಇರೋದು ಇಲ್ಲೇ. ಪಿನ್‌ಹೋಲ್ ಬೇಡದ್ದನ್ನ ತಡೆದು ವಿಂಗಡಿಸತ್ತೆ, ಲೆನ್ಸ್ ಏನನ್ನೂ ಬಿಸಾಕದೆ ಬಗ್ಗಿಸಿ ವಿಂಗಡಿಸತ್ತೆ. ಆ ಎಲೆಯಿಂದ ಹೊರಟು ಲೆನ್ಸಿನ ಇಡೀ ಮುಖದ ಮೇಲೆ ಬಿದ್ದ ಬೆಳಕನ್ನೆಲ್ಲ ಗಾಜು ಬಗ್ಗಿಸಿ ಒಂದೇ ಚುಕ್ಕೆಗೆ ತಂದು ಸೇರಿಸತ್ತೆ, ಪಕ್ಕದ ಎಲೆದನ್ನ ಪಕ್ಕದ ಚುಕ್ಕೆಗೆ. ಹತ್ತನೇ ಕ್ಲಾಸಿನ ಸೈನ್ಸ್ ಬುಕ್ಕಲ್ಲಿ ಒಂದು ಪ್ರಶ್ನೆ ಇದೆಯಲ್ಲ, ಪೀನ ಮಸೂರದ ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿದ್ರೆ ಪೂರ್ತಿ ಪ್ರತಿಬಿಂಬ ಬರತ್ತಾ ಅಂತ, ಅದು ಇಡೀ ಪುಸ್ತಕದಲ್ಲೇ ನನಗೆ ಇಷ್ಟವಾದ ಪ್ರಶ್ನೆ. ಪೂರ್ತಿ ಬರತ್ತೆ, ಬೆಳಕು ಅರ್ಧ ಆಗತ್ತೆ ಅಷ್ಟೆ, ಯಾಕಂದ್ರೆ ಲೆನ್ಸಿನ ಪ್ರತಿ ತುಂಡೂ ಇಡೀ ಚಿತ್ರನ ಮಾಡ್ತಿರತ್ತೆ. ಇದಕ್ಕೆ ತೆರಬೇಕಾದ ಬೆಲೆ ಫೋಕಸ್. ಒಂದು ನಿರ್ದಿಷ್ಟ ದೂರದಲ್ಲಿರೋ ವಸ್ತು ಮಾತ್ರ ಸರಿಯಾಗಿ ಚುಕ್ಕೆ ಆಗತ್ತೆ, ಹಿಂದಿನದು ಮುಂದಿನದು ಮಸುಕು. ಪಿನ್‌ಹೋಲಿಗೆ ಈ ತಲೆನೋವೇ ಇಲ್ಲ. ಇನ್ನೊಂದು ಬೆಲೆ ಜಾಗ, ಬೆಳಕು ಬಗ್ಗಿ ಒಂದುಗೂಡೋಕೆ ಹಿಂದೆ ದೂರ ಬೇಕು, ಮೊಬೈಲಿನ ಬೆನ್ನ ಮೇಲೆ ಕ್ಯಾಮೆರಾ ಗುಬುಟು ಎದ್ದಿರೋದು ಅದಕ್ಕೇ.

ಅಂದಹಾಗೆ ನಾವು ಬರೀ ಸೆನ್ಸರ್ ಅಂತ ಕರೀತಿರೋದ್ರ ಮೇಲೂ ಪ್ರತಿ ಪಿಕ್ಸೆಲ್ಲಿಗೆ ಒಂದೊಂದು ಪುಟಾಣಿ ಮೈಕ್ರೋಲೆನ್ಸ್ ಇರತ್ತೆ. ಅದು ಚಿತ್ರ ಮಾಡೋಕಲ್ಲ, ಪಿಕ್ಸೆಲ್ಲಿನ ಅಂಚಿಗೆ, ವೈರಿನ ಮೇಲೆ ಬಿದ್ದು ವ್ಯರ್ಥ ಆಗೋ ಬೆಳಕನ್ನ ಡಯೋಡಿಗೆ ತಳ್ಳೋಕೆ. ಅದನ್ನ ಇಲ್ಲಿ ಲೆಕ್ಕಕ್ಕೆ ತಗೋತಿಲ್ಲ.

ಲೆನ್ಸ್ ಇಲ್ದೆ ಚಿತ್ರ ತೆಗೆಯೋ ಇನ್ನೊಂದು ದಾರಿ ಎಲ್ಲರೂ ಅನುಭವಿಸಿರೋದೇ, ಗಮನಿಸಿರಲ್ಲ ಅಷ್ಟೆ. ಹಲ್ಲಿನ ಡಾಕ್ಟರ್ ಹತ್ರ ಹೋದಾಗ ಬಾಯೊಳಗೆ ಒಂದು ಚಪ್ಪಟೆ ಬಿಲ್ಲೆ ತುರುಕಿ, ಕಚ್ಕೊಂಡಿರಿ ಅಂತ ಹೇಳಿ, ಹೊರಗಿಂದ ಎಕ್ಸ್‌ರೇ ಬಿಟ್ಟು ತಕ್ಷಣ ಕಂಪ್ಯೂಟರಲ್ಲಿ ಹಲ್ಲು ತೋರಿಸ್ತಾರಲ್ಲ, ಆರ್‌ವಿಜಿ ಅಂತ, ಆ ಬಿಲ್ಲೆ ಒಳಗಿರೋದು ಇಮೇಜ್ ಸೆನ್ಸರ್ರೇ. ಲೆನ್ಸ್ ಇಲ್ಲ. ಎಕ್ಸ್‌ರೇನ ಬೆಳಕಾಗಿ ಬದಲಾಯಿಸೋ ಒಂದು ಪದರ, ಅದರ ಕೆಳಗೆ ಪಿಕ್ಸೆಲ್‌ಗಳು. ಹಲ್ಲು ಸೆನ್ಸರಿಗೆ ಅಂಟಿಕೊಂಡ ಹಾಗೇ ಇರತ್ತೆ, ಎಕ್ಸ್‌ರೇ ಒಂದೇ ಸಣ್ಣ ಜಾಗದಿಂದ ಬರತ್ತೆ, ಹಾಗಾಗಿ ನೆರಳು ಚೂಪಾಗಿ ಬೀಳತ್ತೆ. 1895ರಲ್ಲಿ ರಾಂಟ್ಜೆನ್ ತನ್ನ ಹೆಂಡತಿ ಕೈ ಮೂಳೆ ತೆಗೆದಿದ್ದೂ ಇದೇ ರೀತಿ, ಸೆನ್ಸರ್ ಬದಲು ಫೋಟೋ ಪ್ಲೇಟು, ಉಂಗುರದ ಸಮೇತ.

ಆದ್ರೆ ನೆರಳಿನ ದಾರಿಲಿ ಒಂದು ಕಟ್ಟುನಿಟ್ಟು ಇದೆ. ಲೆನ್ಸ್ ಇದ್ರೆ ಒಂದು ಬೆಟ್ಟನ ಉಗುರಿನಷ್ಟು ಸೆನ್ಸರಿಗೆ ಇಳಿಸ್ಬೋದು. ನೆರಳು ಚಿಕ್ಕದಾಗಲ್ಲ, ವಸ್ತು ಎಷ್ಟಿದೆಯೋ ಕನಿಷ್ಠ ಅಷ್ಟು ಇರತ್ತೆ. ಹಲ್ಲಿಗೆ ಬೆರಳಗಲದ ಬಿಲ್ಲೆ ಸಾಕು, ಎದೆ ಎಕ್ಸ್‌ರೇಗೆ 35 ಸೆಂಟಿಮೀಟರ್‌ಗೆ 43 ಸೆಂಟಿಮೀಟರ್ ಅಳತೆಯ ಇಡೀ ಹಲಗೆನೇ ಸೆನ್ಸರ್ ಆಗ್ಬೇಕು, ಅದಕ್ಕೇ ಆ ಡಿಜಿಟಲ್ ಪ್ಯಾನೆಲ್ ಅಷ್ಟು ದುಬಾರಿ. ಇದೇ ಮಾತನ್ನ ತಿರುಗಿಸಿದ್ರೆ ಅದೇ ಅನುಕೂಲ ಆಗತ್ತೆ. ಕ್ಯಾಲಿಫೋರ್ನಿಯಾದ ಯುಸಿಎಲ್ಎ ಯೂನಿವರ್ಸಿಟಿಯಲ್ಲಿ ಐದೋಗನ್ ಓಜ್ಕನ್ ಅವರ ಗುಂಪು ಮಾಡಿದ್ದು ಅದನ್ನೇ, ರಕ್ತದ ಸ್ಲೈಡನ್ನ ಸೆನ್ಸರಿನ ಮೇಲೆ ಒಂದು ಮಿಲಿಮೀಟರ್‌ಗಿಂತ ಕಮ್ಮಿ ದೂರದಲ್ಲಿಟ್ಟು ಮೇಲಿಂದ ಒಂದು ಎಲ್ಇಡಿ ಬೆಳಗಿದ್ರು. ಮಾಮೂಲಿ ಮೈಕ್ರೋಸ್ಕೋಪಲ್ಲಿ 40 ಪಟ್ಟಿನ ಲೆನ್ಸ್ ಹಾಕಿದ್ರೆ ಒಂದ್ಸಲಕ್ಕೆ ಕಾಣೋದು ಅರ್ಧ ಮಿಲಿಮೀಟರ್ ಅಗಲದ ವೃತ್ತ, ಇಲ್ಲಿ ಇಡೀ ಸೆನ್ಸರ್ ಅಗಲ, ನೂರು ಪಟ್ಟಿಗೂ ಜಾಸ್ತಿ ಜಾಗ ಒಂದೇ ಕ್ಲಿಕ್ಕಲ್ಲಿ. ಅಷ್ಟು ಸಣ್ಣ ಕಣದ ನೆರಳು ಸೀದಾ ನೆರಳಾಗಿರಲ್ಲ, ಸುತ್ತ ಉಂಗುರ ಉಂಗುರ ಬರತ್ತೆ, ಆ ಉಂಗುರಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಜೀವಕೋಶದ ರೂಪ ತೆಗೀತಾರೆ. ಡೆನ್ನಿಸ್ ಗೇಬರ್ 1948ರಲ್ಲಿ ಹೇಳಿದ ಹಾಲೋಗ್ರಫಿನೇ ಇದು, ಅವರಿಗೆ 1971ರಲ್ಲಿ ನೊಬೆಲ್ ಬಂತು.

ನಿಮ್ಮ ಕ್ಯಾಮೆರಾದಲ್ಲೂ ಈ ನೆರಳಿನ ಚಿತ್ರ ಆಗ್ತಾನೇ ಇರತ್ತೆ, ಸೆನ್ಸರ್ ಮೇಲಿನ ಧೂಳು! ಎಫ್ 16 ಇಟ್ಟು ಆಕಾಶದ ಫೋಟೋ ತೆಗೆದ್ರೆ ಕಪ್ಪು ಚುಕ್ಕೆ ಕಾಣತ್ತೆ, ಎಫ್ 2 ಇಟ್ರೆ ಮಾಯ. ಧೂಳು ಕೂತಿರೋದು ಪಿಕ್ಸೆಲ್ ಮೇಲಲ್ಲ, ಅದರ ಮುಂದಿರೋ ಗಾಜಿನ ಮೇಲೆ, ಒಂದು ಮಿಲಿಮೀಟರ್ ಅಂದ್ಕೊಳ್ಳಿ. ಎಫ್ 16ಕ್ಕೆ ಆ ಧೂಳಿನ ನೆರಳಿನ ಅಂಚು 0.06 ಮಿಲಿಮೀಟರ್ ಮಾತ್ರ ಮಸುಕಾಗತ್ತೆ, ಎಫ್ 2ಕ್ಕೆ ಅರ್ಧ ಮಿಲಿಮೀಟರ್ ಹರಡಿ ಕರಗಿಹೋಗತ್ತೆ. ಎಫ್ 150ರ ಪಿನ್‌ಹೋಲ್ ಹಾಕಿದ್ರಂತೂ ಸೆನ್ಸರಿನ ಮೇಲಿನ ಅಷ್ಟೂ ಕಸ ದರ್ಬಾರು ನಡೆಸತ್ತೆ, ಗೋಪುರಕ್ಕಿಂತ ಧೂಳೇ ಚೂಪಾಗಿ ಬರತ್ತೆ.

ಇನ್ನು ಮೂರನೇ ದಾರಿ, ನನಗೆ ಎಲ್ಲಕ್ಕಿಂತ ಇಷ್ಟವಾದ್ದು, ಮತ್ತೆ ಅದಕ್ಕೆ ಬೆಂಗಳೂರಿನ ನಂಟೂ ಇದೆ. ದೂರದ ನಕ್ಷತ್ರಗಳಿಂದ ಬರೋ ಎಕ್ಸ್‌ರೇನ ಫೋಟೋ ತೆಗೀಬೇಕು. ಹತ್ರ ಇಟ್ಟು ನೆರಳು ತೆಗೆಯೋಕೆ ಆಗಲ್ಲ, ಕಪ್ಪುಕುಳಿ ತಂದು ಸೆನ್ಸರ್ ಮೇಲೆ ಇಡೋಕಾಗತ್ತಾ. ಲೆನ್ಸೂ ಆಗಲ್ಲ, ಎಕ್ಸ್‌ರೇ ಯಾವ ಗಾಜಿಗೂ ಬಗ್ಗಲ್ಲ, ಕಮ್ಮಿ ಶಕ್ತಿದಾದ್ರೆ ಕನ್ನಡಿಗೆ ತೀರಾ ಓರೆಯಾಗಿ ಸವರಿಸಿ ತಿರುಗಿಸ್ಬೋದು, ಜಾಸ್ತಿ ಶಕ್ತಿದಕ್ಕೆ ಅದೂ ಕಷ್ಟ. ಪಿನ್‌ಹೋಲ್ ಆಗತ್ತೆ, ಆದ್ರೆ ಆಕಾಶದಿಂದ ಬರೋದೇ ಎಣಿಸಿದಷ್ಟು ಫೋಟಾನ್, ಒಂದು ತೂತಲ್ಲಿ ಎಷ್ಟು ಬಿದ್ದೀತು? ಅದಕ್ಕೆ 1960ರ ದಶಕದ ಕೊನೇಲಿ ಒಂದು ಉಪಾಯ ಬಂತು, ಒಂದು ತೂತಿನ ಬದಲು ನೂರಾರು ತೂತು ಮಾಡೋಣ, ಹಲಗೆಯ ಅರ್ಧದಷ್ಟು ತೆರೆದೇ ಇರ್ಲಿ, ಆದ್ರೆ ತೂತುಗಳು ಎಲ್ಲೆಲ್ಲಿವೆ ಅನ್ನೋ ಪ್ಯಾಟರ್ನ್ ನಮಗೆ ಗೊತ್ತಿರ್ಲಿ. ಕೋಡೆಡ್ ಮಾಸ್ಕ್ ಅಂತಾರೆ. ಒಂದು ನಕ್ಷತ್ರ ಆ ಮಾಸ್ಕಿನ ನೆರಳನ್ನ ಡಿಟೆಕ್ಟರ್ ಮೇಲೆ ಹಾಕತ್ತೆ, ನಕ್ಷತ್ರ ಸ್ವಲ್ಪ ಪಕ್ಕದಲ್ಲಿದ್ರೆ ನೆರಳೂ ಪಕ್ಕಕ್ಕೆ ಸರಿದಿರತ್ತೆ. ಎರಡು ನಕ್ಷತ್ರ ಇದ್ರೆ ಎರಡು ನೆರಳು ಒಂದರ ಮೇಲೊಂದು. ಕಣ್ಣಿಗೆ ಅದು ಅಸ್ತವ್ಯಸ್ತ ಚುಕ್ಕೆ, ಆದ್ರೆ ಪ್ಯಾಟರ್ನ್ ಗೊತ್ತಿರೋ ಕಂಪ್ಯೂಟರಿಗೆ ಯಾವ ನೆರಳು ಎಷ್ಟು ಸರಿದಿದೆ ಅಂತ ಬಿಡಿಸೋಕೆ ಬರತ್ತೆ.

2015ರ ಸೆಪ್ಟೆಂಬರ್ 28ಕ್ಕೆ ಇಸ್ರೋ ಹಾರಿಸಿದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ಇಂಥ ಎರಡು ಉಪಕರಣ ಇವೆ. ಒಂದು ಎಸ್ಎಸ್ಎಂ, ಆಕಾಶ ಜಾಲಾಡೋ ಕ್ಯಾಮೆರಾ, ಅದನ್ನ ಮಾಡಿದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ, ಈಗ ಯು.ಆರ್. ರಾವ್ ಹೆಸರಿನ ಕೇಂದ್ರ. ಇನ್ನೊಂದು ಸಿಝಡ್‌ಟಿಐ, ಮುಂಬೈಯ ಟಿಐಎಫ್ಆರ್, ಪುಣೆಯ ಐಯುಕಾ ಥರದ ಸಂಶೋಧನಾ ಸಂಸ್ಥೆಗಳೆಲ್ಲಾ ಸೇರಿ ಮಾಡಿದ್ದು. ಅದರಲ್ಲಿ 64 ಡಿಟೆಕ್ಟರ್, ಒಂದೊಂದರಲ್ಲಿ 256 ಪಿಕ್ಸೆಲ್, ಒಟ್ಟು 16,384 ಪಿಕ್ಸೆಲ್. ಗಮನಿಸಿ, ಮೆಗಾ ಅಲ್ಲ, ಬರೀ 16 ಸಾವಿರ. ಒಂದೊಂದು ಪಿಕ್ಸೆಲ್ ಸುಮಾರು 2.5 ಮಿಲಿಮೀಟರ್. ಮೇಲೆ ಹತ್ತತ್ರ ಅರ್ಧ ಮೀಟರ್ ಎತ್ತರದಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಟಾಂಟಲಮ್ ತಗಡಿನ ಮಾಸ್ಕ್. ನಕ್ಷತ್ರ ಒಂದು ಡಿಗ್ರಿ ಸರಿದ್ರೆ ನೆರಳು 8 ಮಿಲಿಮೀಟರ್, ಅಂದ್ರೆ ಮೂರು ಪಿಕ್ಸೆಲ್ಲಿಗೆ ಸ್ವಲ್ಪ ಜಾಸ್ತಿ ಸರಿಯತ್ತೆ, ಇಷ್ಟರಲ್ಲೇ ಎಲ್ಲಾ ಪತ್ತೆ. ಎಕ್ಸ್‌ರೇ ಶಕ್ತಿ 100 ಕಿಲೋ ಎಲೆಕ್ಟ್ರಾನ್‌ವೋಲ್ಟ್ ದಾಟಿದ್ರೆ ಉಪಗ್ರಹದ ಮೈಯೇ ಪಾರದರ್ಶಕ ಆಗ್ತಾ ಬರತ್ತೆ, ಪಕ್ಕದಿಂದ ಹಿಂದಿನಿಂದ ಬಂದ ಗಾಮಾ ಸ್ಫೋಟಗಳೂ (ದೂರದ ಆಕಾಶದಲ್ಲಿ ಸ್ವಲ್ಪ ಹೊತ್ತು ಹೊಳೆದು ಆರೋ ಗಾಮಾ ಕಿರಣ) ಒಳಗೆ ನುಗ್ತವೆ, ಅದನ್ನೂ ಬಿಡದೆ ಬಳಸ್ಕೊಂಡು ನೂರಾರು ಗಾಮಾ ಸ್ಫೋಟ ಹಿಡಿದಿದಾರೆ. ಡೇಟಾ ಇಳಿಯೋದು ಬಿಡದಿ ಹತ್ರದ ಬ್ಯಾಲಾಳುವಿನ ಇಸ್ರೋ ಕೇಂದ್ರಕ್ಕೆ. ಮೈಸೂರು ರೋಡಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸೋ ಜಾಗದಿಂದ ಸ್ವಲ್ಪ ದೂರದಲ್ಲಿ ಲೆನ್ಸೇ ಇಲ್ಲದ ಕ್ಯಾಮೆರಾದ ಚಿತ್ರ ಬಂದು ಕೂರತ್ತೆ ಅನ್ನೋದು ನನಗೆ ಪ್ರತಿ ಸಲ ಆ ಕಡೆ ಹೋದಾಗ್ಲೂ ತಲೆಗೆ ಬರತ್ತೆ.

ಇದೇ ಉಪಾಯನ ಮಾಮೂಲಿ ಬೆಳಕಿಗೆ ಹಾಕಿದವರೂ ಇದಾರೆ. ಅಮೆರಿಕದ ರೈಸ್ ಯೂನಿವರ್ಸಿಟಿಯಲ್ಲಿ ಅಶೋಕ್ ವೀರರಾಘವನ್, ರಿಚರ್ಡ್ ಬರಾನಿಯುಕ್ ಮತ್ತೆ ಜೊತೆಯವರು ಮಾಡಿದ ಫ್ಲಾಟ್‌ಕ್ಯಾಮ್‌ನಲ್ಲಿ ಸೆನ್ಸರ್ ಮೇಲೆ ಮಿಲಿಮೀಟರ್ ಆಸುಪಾಸಿನ ದೂರದಲ್ಲಿ ಒಂದು ಮಾಸ್ಕ್, ಅಷ್ಟೇ, ಗುಬುಟು ಇಲ್ಲ. ಬರ್ಕ್ಲಿಯಲ್ಲಿ ಲಾರಾ ವಾಲರ್ ಗುಂಪು 2018ರಲ್ಲಿ ತೋರಿಸಿದ ಡಿಫ್ಯೂಸರ್‌ಕ್ಯಾಮ್‌ನಲ್ಲಿ ಮಾಸ್ಕೂ ಇಲ್ಲ, ಮೇಲ್ಮೈ ಅಂಕುಡೊಂಕಾಗಿರೋ ಒಂದು ಪ್ಲಾಸ್ಟಿಕ್ ಹಾಳೆ. ಒಂದು ಚುಕ್ಕೆ ಬೆಳಕು ಆ ಹಾಳೆ ದಾಟಿದ್ರೆ ಸೆನ್ಸರ್ ಮೇಲೆ ಗೆರೆ ಗೆರೆ ಬಲೆ ಬೀಳತ್ತೆ, ಬಿಸಿಲಲ್ಲಿ ನೀರಿನ ತೊಟ್ಟಿ ತಳದಲ್ಲಿ ಕುಣಿಯೋ ಗೆರೆಗಳು ಹುಟ್ಟೋದೂ ಇದೇ ಕಾರಣಕ್ಕೆ. ಚುಕ್ಕೆ ಪಕ್ಕಕ್ಕೆ ಹೋದ್ರೆ ಬಲೆ ಪಕ್ಕಕ್ಕೆ ಹೋಗತ್ತೆ, ಚುಕ್ಕೆ ಹತ್ರ ಬಂದ್ರೆ ಬಲೆ ದೊಡ್ಡದಾಗತ್ತೆ. ಅಂದ್ರೆ ಒಂದೇ ಫೋಟೋದಿಂದ ದೂರವೂ ಗೊತ್ತಾಗತ್ತೆ! 1.3 ಮೆಗಾಪಿಕ್ಸೆಲ್ ಚಿತ್ರದಿಂದ ಅವರು 10 ಕೋಟಿ ಬಿಂದುಗಳ ಮೂರು ಆಯಾಮದ ಚಿತ್ರ ತೆಗೆದಿದ್ರು. ಯೂಟಾ ಯೂನಿವರ್ಸಿಟಿಯ ರಾಜೇಶ್ ಮೆನನ್ ಗುಂಪು ಇನ್ನೂ ಹಠಮಾರಿ, 2017ರಲ್ಲಿ ಏನೂ ಇಲ್ದೆ ಬರೀ ಸೆನ್ಸರನ್ನ ಎಲ್ಇಡಿ ಬೋರ್ಡಿನ ಮುಂದೆ ಇಟ್ರು, ಒಂದೊಂದೇ ಎಲ್ಇಡಿ ಹಚ್ಚಿ ಸೆನ್ಸರ್ ಏನ್ ಹೇಳತ್ತೆ ಅಂತ ಮೊದಲೇ ಬರ್ಕೊಂಡು, ಆಮೇಲೆ ಬೋರ್ಡಲ್ಲಿ ಚಿತ್ರ ಹಾಕಿ ಅದನ್ನ ಲೆಕ್ಕದಿಂದ ಹೊರಗೆಳೆದ್ರು. ನಾನು ಬೂದು ಹಾಳೆ ಅಂದ್ನಲ್ಲ, ಅದು ಪೂರ್ತಿ ಒಂದೇ ಸಮ ಇರಲ್ಲ, ಹತ್ತಿರದ ವಸ್ತುವಾದ್ರೆ ಪಿಕ್ಸೆಲ್ಲಿಂದ ಪಿಕ್ಸೆಲ್ಲಿಗೆ ಕೂದಲೆಳೆ ವ್ಯತ್ಯಾಸ ಉಳಿದಿರತ್ತೆ, ಅವರು ಹಿಡಿದಿದ್ದು ಆ ಕೂದಲೆಳೆನ.

ಲೆಕ್ಕ ಅಂದ್ರೆ ಎಷ್ಟು ದೊಡ್ಡ ಲೆಕ್ಕ ಅಂತ ಒಂದು ಅಂದಾಜು ಕೊಡ್ತೀನಿ. ದೃಶ್ಯದಲ್ಲಿ 10 ಲಕ್ಷ ಬಿಂದು, ಸೆನ್ಸರಲ್ಲಿ 10 ಲಕ್ಷ ಪಿಕ್ಸೆಲ್. ಪ್ರತಿ ಬಿಂದು ಪ್ರತಿ ಪಿಕ್ಸೆಲ್ಲಿಗೆ ಎಷ್ಟು ಬೆಳಕು ಕೊಡತ್ತೆ ಅಂತ ಪಟ್ಟಿ ಮಾಡಿದ್ರೆ ಒಂದು ಲಕ್ಷ ಕೋಟಿ ನಂಬರು, ಒಂದಕ್ಕೆ 4 ಬೈಟ್ ಅಂದ್ರೂ 4 ಟೆರಾಬೈಟ್. ಬಿಡಿಸೋದು ಹಾಗಿರ್ಲಿ, ಇಟ್ಕೊಳ್ಳೋಕೇ ಜಾಗ ಇಲ್ಲ. ಫ್ಲಾಟ್‌ಕ್ಯಾಮಿನವರು ಮಾಸ್ಕನ್ನ ಅಡ್ಡಸಾಲು, ಉದ್ದಸಾಲು ಬೇರೆ ಬೇರೆ ಲೆಕ್ಕ ಮಾಡೋಕೆ ಬರೋ ಹಾಗೆ ಕೆತ್ತಿದ್ರು, ಆಗ ಸಾವಿರಕ್ಕೆ ಸಾವಿರದ ಎರಡೇ ಪಟ್ಟಿ ಸಾಕು, 20 ಲಕ್ಷ ನಂಬರು. ಡಿಫ್ಯೂಸರ್‌ನವರಿಗೆ ಒಂದೇ ದೂರದಲ್ಲಿ ಬಲೆ ಬರೀ ಸರಿಯತ್ತೆ, ಆಕಾರ ಬದಲಾಗಲ್ಲ ಅನ್ನೋದೇ ವರ, ಒಂದು ದೂರಕ್ಕೆ ಒಂದು ಬಲೆ ಗೊತ್ತಿದ್ರೆ ಸಾಕು.

ಎಲ್ಲಾ ಸರಿ, ಹಾಗಾದ್ರೆ ನನ್ನ ಮುಂದಿನ ಮೊಬೈಲಲ್ಲಿ ಲೆನ್ಸ್ ಇರಲ್ವಾ? ಇರತ್ತೆ, ನನ್ನ ಮಟ್ಟಿಗೆ ಇದರಲ್ಲಿ ಅನುಮಾನ ಇಲ್ಲ. ಕಾರಣ ನಾಯ್ಸ್. ಬೆಳಕು ಹನಿ ಹನಿಯಾಗಿ ಬರೋದ್ರಿಂದ ಎಣಿಕೆಯಲ್ಲಿ ಯಾವಾಗ್ಲೂ ಏರುಪೇರು ಇರತ್ತೆ, 10,000 ಎಲೆಕ್ಟ್ರಾನ್ ಎಣಿಸಿದ್ರೆ 100ರಷ್ಟು ಆಚೀಚೆ. ಲೆನ್ಸ್ ಇದ್ದಾಗ ಕಿಟಕಿಯ ಬೆಳಕು ಕಿಟಕಿಯ ಪಿಕ್ಸೆಲ್ಲಿಗೆ ಮಾತ್ರ ಹೋಗತ್ತೆ, ಅದರ ಏರುಪೇರೂ ಅಲ್ಲೇ ಉಳಿಯತ್ತೆ, ಮೂಲೇಲಿರೋ ಬೆಕ್ಕಿನ ಪಿಕ್ಸೆಲ್ ತಣ್ಣಗಿರತ್ತೆ. ಲೆನ್ಸ್ ಇಲ್ದಿದ್ರೆ ಕಿಟಕಿಯ ಬೆಳಕು ಎಲ್ಲಾ ಪಿಕ್ಸೆಲ್ಲಿಗೂ ಬಿದ್ದು ಅದರ 100 ಏರುಪೇರನ್ನ ಎಲ್ಲಾ ಕಡೆ ಹಂಚತ್ತೆ, ಬೆಕ್ಕಿನ ಪಾಲು ಬರೀ 50 ಎಲೆಕ್ಟ್ರಾನ್ ಇದ್ರೆ ಬೆಕ್ಕು ಮುಳುಗೇ ಹೋಯ್ತು. ಆಕಾಶದ ಎಕ್ಸ್‌ರೇಲಿ ಕಪ್ಪು ಹಿನ್ನೆಲೆ ಮೇಲೆ ಬೆರಳೆಣಿಕೆ ನಕ್ಷತ್ರ, ಅಲ್ಲಿ ನಡೆಯತ್ತೆ. ಮದುವೆ ಮನೆ ಫೋಟೋಗೆ ನಡೆಯಲ್ಲ. ಈಗ ಡೀಪ್ ಲರ್ನಿಂಗ್, ಅಂದ್ರೆ ಫೋಟೋಗಳನ್ನ ನೋಡಿ ನೋಡಿ ಕಲಿಯೋ ನ್ಯೂರಲ್ ನೆಟ್‌ವರ್ಕ್, ಹಾಕಿ ಇದನ್ನ ಸುಧಾರಿಸ್ತಿದಾರೆ, ಐಐಟಿ ಮದ್ರಾಸಿನ ಕೌಶಿಕ್ ಮಿತ್ರ ಗುಂಪು ರೈಸ್‌ನವರ ಜೊತೆ ಸೇರಿ 2019ರಲ್ಲಿ ತೋರಿಸಿದ ಫಲಿತಾಂಶ ನೋಡಿದ್ರೆ ಹಳೆ ಮಸುಕು ಚಿತ್ರಗಳ ಪಕ್ಕ ಎಷ್ಟೋ ವಾಸಿ. ಆದ್ರೂ ನೆಟ್‌ವರ್ಕು ತಾನು ಕಲಿತಿರೋ ಸಾವಿರಾರು ಫೋಟೋ ನೋಡಿ ಖಾಲಿ ಜಾಗ ತುಂಬಿಸಿರತ್ತೆ, ಬೆಕ್ಕಿನ ಮೀಸೆ ಸೆನ್ಸರ್ ಕಂಡಿದ್ದಾ, ನೆಟ್‌ವರ್ಕ್ ಬರೆದಿದ್ದಾ ಅಂತ ಹೇಳೋದು ಕಷ್ಟ, ರೋಗ ಪತ್ತೆ ಮಾಡೋ ಮೈಕ್ರೋಸ್ಕೋಪಲ್ಲಿ ಹೀಗಾದ್ರೆ ನನಗಂತೂ ಭಯ.

ಮನೇಲಿ ಮಾಡಿ ನೋಡ್ಬೇಕು ಅನ್ನೋರಿಗೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಹಾಕೋ ಕ್ಯಾಮೆರಾ ಸಾಕು. ಹಳೆ 5 ಮೆಗಾಪಿಕ್ಸೆಲ್ ಮಾಡ್ಯೂಲಿನ ಪುಟ್ಟ ಲೆನ್ಸನ್ನ ಗಮ್ ಬಿಡಿಸಿ ತಿರುಗಿಸಿ ತೆಗೆಯೋಕೆ ಬರತ್ತೆ, ಅದು ಬೇಡ ಅನ್ನೋರಿಗೆ 2020ರಲ್ಲಿ ಬಂದ 12 ಮೆಗಾಪಿಕ್ಸೆಲ್ ಎಚ್‌ಕ್ಯೂ ಮಾಡ್ಯೂಲು ಲೆನ್ಸ್ ಇಲ್ದೇನೇ ಬರತ್ತೆ. ಸೆನ್ಸರಿಗೆ ತಾಗದ ಹಾಗೆ ಒಂದೆರಡು ಮಿಲಿಮೀಟರ್ ಮೇಲೆ, ಸ್ಟೇಷನರಿ ಅಂಗಡಿಲಿ ಸಿಗೋ ಮಬ್ಬು ಸೆಲೋಟೇಪನ್ನ ಒಂದು ಕಪ್ಪು ರಟ್ಟಿನ ಚೌಕಟ್ಟಿಗೆ ಎರಡು ಪದರ ಅಂಟಿಸಿ ಇಡಿ. ಕತ್ತಲೆ ರೂಮಲ್ಲಿ ಒಂದು ಸಣ್ಣ ಎಲ್ಇಡಿನ ಒಂದಡಿ ದೂರದಲ್ಲಿ ಹಚ್ಚಿ ಒಂದು ಫೋಟೋ ತೆಗೀರಿ, ಅದೇ ನಿಮ್ಮ ಬಲೆ, ಅದಿಲ್ದೆ ಮುಂದಿನ ಯಾವ ಲೆಕ್ಕವೂ ಆಗಲ್ಲ. ಟೇಪು ಒಂದು ಕೂದಲಷ್ಟು ಅಲ್ಲಾಡಿದ್ರೂ ಇದನ್ನ ಮತ್ತೆ ತೆಗೀಬೇಕು. ಆಮೇಲೆ ಎಲ್ಇಡಿ ಇದ್ದ ಅದೇ ದೂರದಲ್ಲಿ ಮೊಬೈಲ್ ಸ್ಕ್ರೀನನ್ನ ಇಟ್ಟು ಕಪ್ಪು ಹಿನ್ನೆಲೆಲಿ ಒಂದು ದಪ್ಪ ಬಿಳಿ ಅಕ್ಷರ ಹಾಕಿ ಫೋಟೋ ತೆಗೀರಿ, ಬಿಡಿಸೋ ಪೈಥಾನ್ ಕೋಡು ನೆಟ್ಟಲ್ಲಿ ಸಿಗತ್ತೆ, ಮಾಮೂಲಿ ಲ್ಯಾಪ್‌ಟಾಪಲ್ಲೇ ಓಡತ್ತೆ. ರೂಮಲ್ಲಿ ಬೇರೆ ಯಾವ ಬೆಳಕೂ ಬೇಡ, ಚಾರ್ಜರ್‌ನ ಕೆಂಪು ದೀಪ ಕೂಡ. ಸೊನ್ನೆ ಹಾಕ್ಬೇಡಿ, ಹೇಗೆ ತಿರುಗಿಸಿದ್ರೂ ಹಾಗೇ ಕಾಣತ್ತೆ, ಯ ಹಾಕಿ, ಉಲ್ಟಾ ಬಂದಿದೆಯಾ ನೆಟ್ಟಗೆ ಬಂದಿದೆಯಾ ನೋಡಿದ ತಕ್ಷಣ ಗೊತ್ತಾಗತ್ತೆ.